ಹಾಲು ತಾನಾಗೇ ಬರುತ್ತೆ, ತಯಾರಿ ತಾನಾಗೇ ಆಗಲ್ಲ

1/9 ಲಿಸ್ಟ್‌ನಲ್ಲಿ ಇಲ್ಲದ ಕೆಲಸ

ಮನೇಲಿ ಹೆರಿಗೆ ಹತ್ತಿರ ಬಂದಾಗ ಏನೇನು ರೆಡಿ ಆಗುತ್ತೆ ಅಂತ ಒಂದ್ಸಲ ಯೋಚ್ನೆ ಮಾಡಿ. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗೆ ಬರುತ್ತೆ. ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಮಗುವಿನ ಬಟ್ಟೆ ಆಗುತ್ತೆ. ಬಾಣಂತಿ ಖಾರಕ್ಕೆ ಮೆಣಸು, ಬೆಳ್ಳುಳ್ಳಿ, ಕೊಬ್ಬರಿ ಎಲ್ಲಾ ತಂದಿಟ್ಟಾಗುತ್ತೆ. ಸೀಮಂತದ ಫೋಟೋಶೂಟ್‌ಗೆ ಎರಡು ತಿಂಗಳು ಮುಂಚೆನೇ ಬುಕಿಂಗ್. ಫ್ಯಾಮಿಲಿ ಗ್ರೂಪ್‌ನಲ್ಲಿ ಹೆಸರುಗಳ ಚರ್ಚೆ ಬೇರೆ.

ಈ ಲಿಸ್ಟ್‌ನಲ್ಲಿ ಒಂದು ಕೆಲಸ ಮಾತ್ರ ಇರಲ್ಲ. ಹುಟ್ಟಿದ ಮಗು ಮೊದಲ ಮೂರು ದಿನ ಎದೆಹಾಲು ಹೇಗೆ ಕುಡಿಯುತ್ತೆ, ಅದಕ್ಕೆ ಯಾರ‍್ಯಾರು ಏನೇನು ಮಾಡ್ಬೇಕು ಅನ್ನೋದು. ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: "ಅದಕ್ಕೇನು ತಯಾರಿ? ಹಾಲು ತಾನಾಗೇ ಬರುತ್ತೆ."

ಹಾಲು ತಾನಾಗೇ ಬರುತ್ತೆ, ನಿಜ. ಆದ್ರೆ ಕುಡಿಸೋದನ್ನ ತಾಯಿ ಕಲೀಬೇಕು, ಕುಡಿಯೋದನ್ನ ಮಗು ಕಲೀಬೇಕು. ಇಬ್ಬರೂ ಹೊಸಬರು, ಅದರಲ್ಲಿ ಒಬ್ಬರಿಗೆ ಮೈಯೆಲ್ಲಾ ನೋವು. ಸುತ್ತ ಹತ್ತು ಜನ ನಿಂತು ಹನ್ನೊಂದು ಸಲಹೆ ಕೊಟ್ರೆ ಯಾವ ಕಲಿಕೆಯೂ ಆಗಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಎದೆಹಾಲಿನ ತಯಾರಿ ಬರೀ ತಾಯಿ ಕೆಲಸ ಅಲ್ಲ, ಇಡೀ ಮನೆಯ ಕೆಲಸ. ಅದು ಹೆರಿಗೆ ಆದ್ಮೇಲೆ ಅಲ್ಲ, ಒಂಬತ್ತನೇ ತಿಂಗಳಲ್ಲೇ ಆಗ್ಬೇಕು.

"ನೀನು ಬಿಕಾಂ ಹುಡುಗ, ನಿನಗ್ಯಾಕೋ ಇದು?" ಅಂತ ಆಗ್ಲೇ ಕೆಲವರು ಟೈಪ್ ಮಾಡ್ತಿರ್ತೀರ. ಹೇಳ್ತೀನಿ. ನಮ್ಮಕ್ಕ ಬಾಣಂತನಕ್ಕೆ ತಿಪಟೂರಿಗೆ, ನಮ್ಮನೆಗೆ ಬಂದಿದ್ಲು. ಬಾಣಂತನ ನಡೆಯೋದು ತವರಲ್ಲಿ, ತವರಲ್ಲಿ ತಮ್ಮ ಇರ್ತಾನೆ. ಆಸ್ಪತ್ರೆಗೆ ಫ್ಲಾಸ್ಕ್ ಹೊತ್ತವನು ನಾನೇ, ರಾತ್ರಿ ಮೆಡಿಕಲ್ ಶಾಪ್‌ಗೆ ಓಡಿದವನೂ ನಾನೇ. ಇದನ್ನ ಬರೀಬಹುದಾ ಅಂತ ಅಕ್ಕನ್ನ ಕೇಳೇ ಬರೀತಿದ್ದೀನಿ. "ಬರಿಯೋ, ಹುಡುಗರೂ ಓದ್ಲಿ" ಅಂದಿದ್ದಾಳೆ.

ಒಂಬತ್ತು ಭಾಗ ಇದೆ. ನಗಬೇಕು ಅನ್ಸಿದ್ರೆ ನಕ್ಕು ಮುಗಿಸಿ, ಆಮೇಲೆ ಓದಿ.

2/9 ಹಸುವಿನ ಗಿಣ್ಣು ಬೇಕು, ತಾಯಿಯ ಗಿಣ್ಣು ಬೇಡ್ವಾ?

ಊರಲ್ಲಿ ಯಾರ ಮನೇಲಾದ್ರೂ ಹಸು ಕರು ಹಾಕಿದ್ರೆ ನಮಗೆಲ್ಲಾ ಹಬ್ಬ. ಗಿಣ್ಣು ಹಾಲು ಬರುತ್ತೆ, ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡ್ತಾರೆ. ಪಕ್ಕದ ಮನೆಗೂ ಒಂದು ಬಟ್ಟಲು ಹೋಗುತ್ತೆ. "ತಿನ್ನಿ, ಶಕ್ತಿ ಇರುತ್ತೆ" ಅಂತಾರೆ ದೊಡ್ಡವರು.

ಅದೇ ದೊಡ್ಡವರಲ್ಲಿ ಕೆಲವರು ಹೆತ್ತ ತಾಯಿಯ ಮೊದಲ ಹಾಲನ್ನ ನೋಡಿ "ಹಳದಿ ಇದೆ, ಗಟ್ಟಿ ಇದೆ, ಕೆಟ್ಟ ಹಾಲು, ಹಿಂಡಿ ಚೆಲ್ಲು" ಅಂತಾರೆ. ಇದು ಯಾವ ಲಾಜಿಕ್ ಹೇಳಿ?

ಆ ಹಳದಿ ಹಾಲು ತಾಯಿಯ ಗಿಣ್ಣು. ಇಂಗ್ಲಿಷಲ್ಲಿ ಕೊಲೊಸ್ಟ್ರಮ್. ಬರೋದು ಸ್ವಲ್ಪವೇ, ಆದ್ರೆ ಅದರಲ್ಲಿ ರೋಗದ ವಿರುದ್ಧ ಹೋರಾಡೋ ಅಂಶಗಳು ತುಂಬಿರುತ್ತೆ. ಮಗುವಿನ ಹೊಟ್ಟೆಯಲ್ಲಿರೋ ಕಪ್ಪು ಮಲ ಬೇಗ ಹೊರಗೆ ಹೋಗೋಕೂ ಅದು ಸಹಾಯ ಮಾಡುತ್ತೆ. ಅದು ಸರಿಯಾಗಿ ಹೋದ್ರೆ ಕಾಮಾಲೆ ಜಾಸ್ತಿ ಆಗೋ ಅಪಾಯವೂ ಕಮ್ಮಿ. ಚೆಲ್ಲೋ ವಸ್ತುನಾ ಇದು?

ಚೆಲ್ಲಿದ ಜಾಗಕ್ಕೆ ಏನು ಬರುತ್ತೆ ಅನ್ನೋದು ಇನ್ನೊಂದು ಕಥೆ. ಒಬ್ಬರು ಜೇನುತುಪ್ಪ ನೆಕ್ಕಿಸ್ತಾರೆ. ಒಬ್ಬರು ಸಕ್ಕರೆ ನೀರು. ಒಬ್ಬರು ಬಜೆ ತೇಯ್ದು ತರ್ತಾರೆ. ಒಬ್ಬರು ಹರಳೆಣ್ಣೆ. ಎಲ್ಲಾ ಪ್ರೀತಿಯಿಂದಾನೇ ಮಾಡೋದು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಬೊಟುಲಿಸಮ್ ಅನ್ನೋ ಅಪಾಯಕಾರಿ ಕಾಯಿಲೆ ಬರೋ ಸಾಧ್ಯತೆ ಇದೆ. ಉಳಿದದ್ದೆಲ್ಲಾ ಸೋಂಕಿಗೆ ದಾರಿ, ಜೊತೆಗೆ ಮಗುವಿನ ಹಸಿವನ್ನೂ ಕೊಂದುಬಿಡುತ್ತೆ. ಹಸಿವಿಲ್ಲದ ಮಗು ಎದೆ ಹಿಡಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಸರಳ: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು ಮಾಡಿ, 6 ತಿಂಗಳು ಬರೀ ಎದೆಹಾಲು, ನೀರು ಕೂಡ ಬೇಡ. ಡಾಕ್ಟರ್ ಹೇಳಿದ ಔಷಧಿ ಮಾತ್ರ ಇದಕ್ಕೆ ಹೊರತು.

ಈಗ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ಎನ್‌ಎಫ್‌ಎಚ್‌ಎಸ್-5 ಸಮೀಕ್ಷೆ (2019-21) ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗ್ತಿವೆ. ಆದ್ರೆ ಮೊದಲ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿರೋ ಮಕ್ಕಳು ಶೇ. 41.8 ಮಾತ್ರ. ಅಂದ್ರೆ ತಾಯಿ ಆಸ್ಪತ್ರೆ ತಲುಪಿದ್ಲು, ಹಾಲು ಮಗುವಿಗೆ ತಲುಪಲಿಲ್ಲ. ತಯಾರಿ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

3/9 ಎರಡನೇ ರಾತ್ರಿ

"ಹಾಲೇ ಇಲ್ಲ." ಈ ಮಾತು ಜಾಸ್ತಿ ಕೇಳೋದು ಎರಡನೇ, ಮೂರನೇ ದಿನ. ಅದಕ್ಕೆ ಒಂದು ಚಮಚದ ಲೆಕ್ಕ ಗೊತ್ತಿದ್ರೆ ಸಾಕು.

ಮೊದಲ 24 ಗಂಟೆಯಲ್ಲಿ ಮಗು ಒಂದು ಸಲಕ್ಕೆ ಕುಡಿಯೋದು ಸುಮಾರು 2ರಿಂದ 10 ಮಿ.ಲೀ. ಒಂದು ಟೀ ಚಮಚ ಅಂದ್ರೆ 5 ಮಿ.ಲೀ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60. ನೋಡಿ, ಮೊದಲ ದಿನಕ್ಕೆ ಚಮಚದಲ್ಲೇ ಲೆಕ್ಕ ಮುಗೀತು. ಗಿಣ್ಣು ಹಾಲು ಬರೋದೂ ಅಷ್ಟೇ. ಎದೆ ತುಂಬಿ ಹಾಲು ಇಳಿಯೋದು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಕ್ಕೆ. ಚೊಚ್ಚಲ ಹೆರಿಗೆ ಅಥವಾ ಸಿಸೇರಿಯನ್ ಆದ್ರೆ ಇನ್ನೂ ಸ್ವಲ್ಪ ತಡ ಆಗಬಹುದು.

ಮಧ್ಯದಲ್ಲಿ ಬರುತ್ತೆ ಎರಡನೇ ರಾತ್ರಿ. ಮೊದಲ ದಿನ ನಿದ್ದೆಯಲ್ಲೇ ಕಳೆದ ಕೂಸು ಅವತ್ತು ಎದ್ದು ಕೂತಂಗೆ ಆಡುತ್ತೆ. ಕುಡಿಯುತ್ತೆ, ಬಿಡುತ್ತೆ, ಅಳುತ್ತೆ, ಮತ್ತೆ ಬೇಕು ಅನ್ನುತ್ತೆ. ನಮ್ಮಕ್ಕನಿಗೂ ಹಿಂಗೇ ಆಯ್ತು. ನೋಡೋಕೆ ಬಂದು ಉಳಿದಿದ್ದ ಸಂಬಂಧಿಕರೊಬ್ಬರು ಎಲ್ಲರೆದುರು "ನಿನಗೆ ಹಾಲೇ ಇಲ್ಲ ಕಣೇ, ಮಗು ಉಪವಾಸ ಬಿದ್ದಿದೆ" ಅಂದ್ರು. ಅಕ್ಕನ ಮುಖ ನೋಡೋಕಾಗಲಿಲ್ಲ. ಹೊಲಿಗೆ ನೋವಿಗೂ ಅಳದವಳು ಆ ಒಂದು ಮಾತಿಗೆ ಅತ್ತಳು. ನೈಟ್ ಡ್ಯೂಟಿಯಲ್ಲಿದ್ದ ಸಿಸ್ಟರ್ ಬಂದು ಮಗುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅಕ್ಕನ ಎದೆ ಮೇಲೆ ಮಲಗಿಸಿ, ಮೇಲೊಂದು ಹೊದಿಕೆ ಹಾಕಿ, "ಇದು ಹಸಿವಲ್ಲಮ್ಮ, ಆರ್ಡರ್ ಹಾಕ್ತಿದೆ" ಅಂದ್ರು.

ಬಿಕಾಂನವರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ? ಎದೆಹಾಲು ಡಿಮ್ಯಾಂಡ್ ಮೇಲೆ ನಡೆಯೋ ಸಪ್ಲೈ. ಮಗು ಚೀಪಿದಷ್ಟೂ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಹಾಲು ಮಾಡಿಸುತ್ತೆ, ಆಕ್ಸಿಟೋಸಿನ್ ಅದನ್ನ ಹೊರಗೆ ಹರಿಸುತ್ತೆ. ಮಧ್ಯೆ ಸುಮ್ಮನೆ ಬಾಟಲಿ ಬಂದ್ರೆ ಆರ್ಡರ್ ಕ್ಯಾನ್ಸಲ್ ಆದಂಗೆ. ಆರ್ಡರ್ ಕಮ್ಮಿ, ಉತ್ಪಾದನೆ ಕಮ್ಮಿ. ಆಗ "ಹಾಲಿಲ್ಲ" ಅನ್ನೋ ಮಾತು ನಿಜವೇ ಆಗಿಬಿಡುತ್ತೆ.

ಗಾಬರಿ, ಅವಮಾನ, ನೋವು ಇದ್ರೆ ಆಕ್ಸಿಟೋಸಿನ್ ಕೆಲಸ ನಿಧಾನ ಆಗುತ್ತೆ. ಅಂದ್ರೆ ಆ ಸಂಬಂಧಿಕರ ಮಾತು ಬರೀ ಮನಸ್ಸಿಗೆ ತಾಗಲಿಲ್ಲ, ಹಾಲಿಗೂ ತಾಗಿತು.

4/9 ಲೆಡ್ಜರ್ ನೋಡಿ, ಅಂದಾಜು ಬೇಡ

ಹಾಲು ಸಾಕಾಗ್ತಿದ್ಯಾ ಅಂತ ಎದೆ ಮುಟ್ಟಿ ಹೇಳೋಕಾಗಲ್ಲ. ಮಗು ಅತ್ತಿದ್ದನ್ನ ನೋಡಿಯೂ ಹೇಳೋಕಾಗಲ್ಲ. ಒಳಗೆ ಎಷ್ಟು ಹೋಯ್ತು ಕಾಣಲ್ಲ, ಹೊರಗೆ ಎಷ್ಟು ಬಂತು ಕಾಣುತ್ತೆ. ಅದನ್ನ ಬರೆದಿಡಿ.

ಉಚ್ಚೆ: ಮೊದಲ ದಿನ ಕನಿಷ್ಠ 1 ಸಲ, ಎರಡನೇ ದಿನ 2, ಮೂರನೇ ದಿನ 3. ಐದಾರು ದಿನದ ಹೊತ್ತಿಗೆ ದಿನಕ್ಕೆ 6 ಅಥವಾ ಇನ್ನೂ ಜಾಸ್ತಿ.

ಮಲ: ಮೊದಲು ಟಾರಿನ ಥರ ಕಪ್ಪು, ಆಮೇಲೆ ಹಸಿರು ಕಲರ್, ನಾಲ್ಕೈದು ದಿನಕ್ಕೆ ಹಳದಿ.

ಕುಡಿಯೋದು: 24 ಗಂಟೆಯಲ್ಲಿ 8ರಿಂದ 12 ಸಲ. ಮೊದಲ ದಿನಗಳಲ್ಲಿ ಮಗು ಮೂರು ಗಂಟೆ ದಾಟಿ ಮಲಗಿದ್ರೆ ಎಬ್ಬಿಸಿ ಕುಡಿಸ್ಬೇಕು.

ತೂಕ: ಹುಟ್ಟಿದ ಮಗು ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿಯೋದು ಸಹಜ. 3 ಕೆ.ಜಿ. ಇದ್ದ ಮಗು 200 ಗ್ರಾಂ ಇಳಿದ್ರೆ ಅದು ಶೇ. 7ರ ಒಳಗೇ ಇದೆ. ಶೇ. 10ರ ಹತ್ತಿರ, ಅಂದ್ರೆ 300 ಗ್ರಾಂ ಹತ್ತಿರ ಹೋದ್ರೆ ಡಾಕ್ಟರ್ ನೋಡ್ಲೇಬೇಕು. ಎರಡು ವಾರದೊಳಗೆ ಸಾಮಾನ್ಯವಾಗಿ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತೆ.

ನಮ್ಮನೇಲಿ ಈ ಪುಸ್ತಕ ಬರೆದಿದ್ದು ನಾನು. ಹಳೇ ನೋಟ್‌ಬುಕ್, ನಾಲ್ಕು ಕಾಲಂ: ಟೈಮ್, ಕುಡೀತು, ಉಚ್ಚೆ, ಮಲ. ಬಿಕಾಂನಲ್ಲಿ ಕಲಿತ ಮೊದಲ ಪಾಠ ಅದೇ ತಾನೇ, ಎಂಟ್ರಿ ಇಲ್ಲದೆ ನಷ್ಟ ಅನ್ನಬಾರದು. ಮೂರನೇ ದಿನ ಯಾರೋ ಮತ್ತೆ "ಹಾಲು ಸಾಲಲ್ಲ" ಅಂದಾಗ ಅಮ್ಮ ಪುಸ್ತಕ ತೆಗೆದು ತೋರಿಸಿದ್ರು. ಮಾತು ಅಲ್ಲಿಗೇ ನಿಂತಿತು.

ಆದ್ರೆ ಲೆಡ್ಜರ್ ಧೈರ್ಯ ಹೇಳೋಕೆ ಮಾತ್ರ ಅಲ್ಲ, ಎಚ್ಚರಿಸೋಕೂ ಇರೋದು. ಮಗು ಎಬ್ಬಿಸಿದ್ರೂ ಏಳ್ತಿಲ್ಲ, ಎದೆ ಹಿಡೀತಿಲ್ಲ, ಉಚ್ಚೆ ಕಮ್ಮಿ ಆಗ್ತಿದೆ, ಜ್ವರ ಇದೆ ಅಥವಾ ಮೈ ತಣ್ಣಗಿದೆ, ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿದಿದೆ, ಉಸಿರು ಜೋರಾಗಿದೆ ಅಂದ್ರೆ ಬೆಳಗಾಗೋವರೆಗೂ ಕಾಯಬೇಡಿ. ತಕ್ಷಣ ಆಸ್ಪತ್ರೆ. ದೃಷ್ಟಿ ತೆಗೆಯೋದಿದ್ರೆ ವಾಪಸ್ ಬಂದ್ಮೇಲೆ ತೆಗೀಬಹುದು.

ಇನ್ನೊಂದು ವಿಷಯ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಬರೋ ವ್ಯವಸ್ಥೆ ಇದೆ. ಅವರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು, ಪುಸ್ತಕ ತೋರಿಸಿ, ಕೇಳಿ.

5/9 ಒಂಬತ್ತನೇ ತಿಂಗಳ ಸಿಲೆಬಸ್

ಹಾಗಾದ್ರೆ ತಯಾರಿ ಅಂದ್ರೆ ಏನು? ಪರೀಕ್ಷೆ ಹಿಂದಿನ ರಾತ್ರಿ ಓದೋದಲ್ಲ. ಐದು ಪಾಯಿಂಟ್ ಬರ್ಕೊಳ್ಳಿ.

ಒಂದು, ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಮಗು ಹುಟ್ಟಿದ ತಕ್ಷಣ ತಾಯಿಯ ಎದೆ ಮೇಲೆ ಹಾಕ್ತೀರಾ? ಮಗು ತಾಯಿ ಹತ್ತಿರಾನೇ ಇರುತ್ತಾ, ಬೇರೆ ರೂಮಿಗೆ ಹೋಗುತ್ತಾ? ಎದೆಹಾಲು ಕುಡಿಸೋಕೆ ಸಹಾಯ ಮಾಡೋರು ರಾತ್ರಿನೂ ಇರ್ತಾರಾ? ನಮ್ಮನ್ನ ಕೇಳದೆ ಡಬ್ಬದ ಹಾಲು ಕೊಡ್ತೀರಾ? ರೂಮ್ ಬಾಡಿಗೆ ಕೇಳೋಕೆ ಸಂಕೋಚ ಇಲ್ಲ ಅಂದ್ಮೇಲೆ ಇದಕ್ಯಾಕೆ?

ಎರಡು, ಎದೆ ಹಿಡಿಸೋದನ್ನ ಮೊದಲೇ ತಿಳ್ಕೊಳ್ಳಿ. ಮಗುವಿನ ಬಾಯಿ ಆಕಳಿಸೋ ಹಾಗೆ ದೊಡ್ಡದಾಗಿ ತೆರೀಬೇಕು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗೆ ಹೋಗ್ಬೇಕು. ಗದ್ದ ಎದೆಗೆ ತಾಗಿರ್ಬೇಕು, ಕೆಳತುಟಿ ಹೊರಕ್ಕೆ ಮಡಚಿರ್ಬೇಕು. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ. ತಾಯಿ ಬಗ್ಗಿ ಎದೆಯನ್ನ ಮಗುವಿನ ಕಡೆ ಒಯ್ಯೋದಲ್ಲ, ಮಗುವನ್ನ ಎದೆ ಹತ್ತಿರ ತರ್ಬೇಕು. ಬೆನ್ನಿಗೆ ದಿಂಬು. ಮೊದಲು ಸ್ವಲ್ಪ ಜುಮ್ ಅನ್ನಬಹುದು, ಆದ್ರೆ ಕುಡಿಸೋ ಅಷ್ಟು ಹೊತ್ತೂ ಪ್ರಾಣ ಹೋಗೋ ನೋವಿದ್ರೆ ಹಿಡಿತ ಸರಿಯಿಲ್ಲ ಅಂತ. ಬಿಡಿಸಿ ಮತ್ತೆ ಹಿಡಿಸ್ಬೇಕು. "ಎಲ್ಲರಿಗೂ ನೋಯುತ್ತೆ, ತಡ್ಕೋ" ಅನ್ನೋದು ಸಲಹೆ ಅಲ್ಲ.

ಮೂರು, ಅಳು ಬರೋವರೆಗೂ ಕಾಯಬಾರದು. ತುಟಿ ಚಪ್ಪರಿಸೋದು, ಕೈ ಬಾಯಿಗೆ ಹಾಕೋದು, ತಲೆ ಆಕಡೆ ಈಕಡೆ ತಿರುಗಿಸಿ ಹುಡುಕೋದು, ಇವು ಹಸಿವಿನ ಮೊದಲ ಸೂಚನೆ. ಅಳು ಕೊನೇದು. ಅಳ್ತಿರೋ ಮಗು ಎದೆ ಹಿಡಿಯೋದು ಕಷ್ಟ.

ನಾಲ್ಕು, ತೊಟ್ಟನ್ನ ಸೋಪು ಹಾಕಿ ತಿಕ್ಕೋದು, ಒರಟು ಬಟ್ಟೆಯಲ್ಲಿ ಉಜ್ಜಿ "ಗಟ್ಟಿ ಮಾಡೋದು" ಬೇಡ. ತೊಟ್ಟು ಒಳಗೆ ಎಳೆದಂತಿದ್ರೆ, ಶುಗರ್, ಥೈರಾಯ್ಡ್ ಇದ್ರೆ, ಯಾವುದಾದ್ರೂ ಮಾತ್ರೆ ತಗೊಳ್ತಿದ್ರೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ.

ಐದು, ಜೊತೆಗೆ ಯಾರು ಉಳಿಯೋದು ಅಂತ ತೀರ್ಮಾನ ಮಾಡಿ. ಆಸ್ಪತ್ರೆಯಲ್ಲಿ ಬಾಣಂತಿ ಪಕ್ಕ ಇರಬೇಕಾದವರು ವಯಸ್ಸಲ್ಲಿ ದೊಡ್ಡವರೇ ಆಗಿರ್ಬೇಕು ಅಂತಿಲ್ಲ. ಅವಳಿಗೆ ಧೈರ್ಯ ಹೇಳೋರು ಆಗಿರ್ಬೇಕು.

6/9 ಸಿಸೇರಿಯನ್ ಆದ್ರೆ? ಮಗು ಎನ್‌ಐಸಿಯುನಲ್ಲಿದ್ರೆ?

ಇದನ್ನ ಪ್ರತ್ಯೇಕವಾಗಿ ಬರೀಬೇಕು ಅನ್ನಿಸ್ತು. ಯಾಕಂದ್ರೆ ಅದೇ ಎನ್‌ಎಫ್‌ಎಚ್‌ಎಸ್-5 ಪ್ರಕಾರ ದೇಶದಲ್ಲಿ ಶೇ. 21.5 ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ ನೋಡಿದ್ರೆ ಶೇ. 47.4, ಅಂದ್ರೆ ಹೆಚ್ಚುಕಮ್ಮಿ ಅರ್ಧ.

ಆಪರೇಷನ್ ಆದ್ರೆ ಹಾಲು ಬರಲ್ಲ ಅನ್ನೋದು ಸುಳ್ಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್ ಆಗಿದ್ರೆ ತಾಯಿಗೆ ಎಚ್ಚರ ಇರುತ್ತೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ರೆ ಬೇಗನೇ ಶುರು ಮಾಡಬಹುದು. ತೊಂದರೆ ಏನಂದ್ರೆ ಅವಳಿಗೆ ಎದ್ದು ಕೂರೋಕಾಗಲ್ಲ. ಆಗ ಬೇಕಾಗೋದು ಔಷಧಿಗಿಂತ ಎರಡು ಕೈ. ಮಗುವನ್ನ ಎತ್ತಿ ಕೊಡೋಕೆ, ದಿಂಬು ಇಡೋಕೆ, ಪಕ್ಕಕ್ಕೆ ಹೊರಳಿಸೋಕೆ. ಒಂದು ಪಕ್ಕಕ್ಕೆ ಮಲಗಿಯೇ ಕುಡಿಸಬಹುದು. ಇಲ್ಲಾಂದ್ರೆ ಮಗುವಿನ ಕಾಲು ತಾಯಿಯ ಕಂಕುಳ ಹಿಂದೆ ಹೋಗೋ ಹಾಗೆ ಹಿಡಿದ್ರೆ ಹೊಲಿಗೆ ಮೇಲೆ ಭಾರ ಬೀಳಲ್ಲ.

ಮಗು ತಿಂಗಳು ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿದ್ರೆ ಇನ್ನೂ ಕಷ್ಟ. ಆದ್ರೆ ಆ ಮಗುವಿಗೇ ಎದೆಹಾಲು ಜಾಸ್ತಿ ಬೇಕಾಗಿರೋದು. ಅಂಥ ಮಕ್ಕಳಲ್ಲಿ ಕಾಣಿಸೋ ಕರುಳಿನ ಗಂಭೀರ ಕಾಯಿಲೆಯ ಅಪಾಯ ಎದೆಹಾಲಿನಿಂದ ಕಮ್ಮಿ ಆಗುತ್ತೆ. ತಾಯಿ ಕೈಯಿಂದ ಹಿಂಡಿ ತೆಗೆದ ಗಿಣ್ಣು ಹಾಲು ಒಂದು ಚಮಚ ಇದ್ರೂ ವ್ಯರ್ಥ ಅಲ್ಲ. ಮೊದಲ ದಿನಗಳಲ್ಲಿ ಮೆಷಿನ್‌ಗಿಂತ ಕೈಯೇ ಮೇಲು, ಯಾಕಂದ್ರೆ ಇರೋ ನಾಲ್ಕು ಹನಿ ಪಂಪಿನ ಪೈಪಲ್ಲೇ ಅಂಟಿಕೊಂಡುಬಿಡುತ್ತೆ. ಮಗು ಕುಡಿಯೋ ಹಾಗಿಲ್ಲದಿದ್ರೂ ಎರಡು ಮೂರು ಗಂಟೆಗೊಮ್ಮೆ ಹಿಂಡ್ತಾ ಇದ್ರೆ ಆರ್ಡರ್ ಚಾಲ್ತಿಯಲ್ಲಿರುತ್ತೆ.

ತೆಗೆದ ಹಾಲು ಕುಡಿಸೋಕೆ ಬಾಟಲಿ ಬೇಕಿಲ್ಲ. ಚಮಚ ಸಾಕು, ಇಲ್ಲಾಂದ್ರೆ ನಮ್ಮ ಅಜ್ಜಿಯರ ಕಾಲದ ಒಳಲೆ ಇದೆಯಲ್ಲ, ಅದನ್ನ ನೀರಲ್ಲಿ ಚೆನ್ನಾಗಿ ಕುದಿಸಿ ಬಳಸಬಹುದು. ಆಸ್ಪತ್ರೆಗಳಲ್ಲಿ ಕೊಡೋ ಪಾಲಡಾನೂ ಅದರ ಥರದ್ದೇ.

ತಾಯಿಯ ಹಾಲು ಸಿಗದೇ ಇದ್ರೆ ಎದೆಹಾಲಿನ ಬ್ಯಾಂಕ್ ಅನ್ನೋದೂ ಇದೆ. ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಶುರು ಮಾಡಿದ್ದು ದೇಶದ ಮೊದಲನೇದು. ನಮ್ಮ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನಿ ತಾಯಂದಿರನ್ನ ಪರೀಕ್ಷೆ ಮಾಡಿ, ಹಾಲನ್ನ ಪಾಶ್ಚರೈಸ್ ಮಾಡಿ ಕೊಡ್ತಾರೆ. ರಕ್ತದಾನದ ಕ್ಯಾಂಪ್ ಬಗ್ಗೆ ಸ್ಟೋರಿ ಹಾಕೋ ನಾವು ಇದರ ಬಗ್ಗೆ ಒಂದು ಸ್ಟೋರಿ ಹಾಕಿದ್ದೀವಾ?

7/9 "ಫ್ರೀ" ಅನ್ನೋದನ್ನ ಮೊದಲು ನಿಲ್ಲಿಸಿ

ಪೋಸ್ಟರ್‌ಗಳಲ್ಲಿ ಬರೀತಾರೆ, ಎದೆಹಾಲು ಉಚಿತ ಅಂತ. ಕಾಸ್ಟ್ ಅಕೌಂಟಿಂಗ್ ಓದೋ ನಮಗೆ ಈ ಮಾತು ಒಪ್ಪಿಗೆ ಆಗಬಾರದು.

ದಿನಕ್ಕೆ 10 ಸಲ, ಒಂದು ಸಲಕ್ಕೆ ಅರ್ಧ ಗಂಟೆ ಅಂದ್ಕೊಳ್ಳಿ. 300 ನಿಮಿಷ. ಐದು ಗಂಟೆ. ತೇಗಿಸೋದು, ಬಟ್ಟೆ ಬದಲಿಸೋದು, ಮಲಗಿಸೋದು ಬೇರೆ. ಅದರಲ್ಲಿ ಅರ್ಧ ರಾತ್ರಿ ಹೊತ್ತಲ್ಲಿ. ರಾತ್ರಿ ಪ್ರೊಲ್ಯಾಕ್ಟಿನ್ ಜಾಸ್ತಿ ಇರೋದ್ರಿಂದ ಆ ಹೊತ್ತಿನದನ್ನ ತಪ್ಪಿಸೋ ಹಾಗೂ ಇಲ್ಲ. ಈ ಐದು ಗಂಟೆಗೆ ಬೆಲೆ ಸೊನ್ನೆ ಅಂತ ಹಾಕಿದ್ರೆ ಮಾತ್ರ ಎದೆಹಾಲು ಫ್ರೀ. ಹೆಂಗಸರ ಸಮಯಕ್ಕೆ ನಾವು ಯಾವಾಗಲೂ ಹಾಕೋದು ಅದೇ ಸೊನ್ನೆ.

ಆ ಕೆಲಸ ಅವಳೊಬ್ಬಳೇ ಮಾಡೋಕಾಗೋದು, ಒಪ್ಪಿದೆ. ಹಾಗಾದ್ರೆ ಉಳಿದ ಎಲ್ಲಾ ಕೆಲಸ ಬೇರೆಯವರು ಮಾಡ್ಬೇಕು. ಇದೇ ಮನೆಯ ತಯಾರಿ.

ಗಂಡ: ರಾತ್ರಿ ಮಗುವನ್ನ ಎತ್ತಿ ಕೊಡೋದು, ತೇಗಿಸೋದು, ಬಟ್ಟೆ ಬದಲಿಸೋದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಗಳಿಗೆ ಅಂಥ ಕಡ್ಡಾಯ ಕಾನೂನು ಇಲ್ಲ. ನಮ್ಮ ಭಾವನಿಗೆ ಸಿಕ್ಕಿದ್ದು ನಾಲ್ಕು ದಿನ. ನಾಳೆ ನಾವು ಎಚ್‌ಆರ್ ಸೀಟಲ್ಲಿ ಕೂತಾಗ ಇದು ನೆನಪಿರ್ಲಿ.

ಅಜ್ಜಿ, ದೊಡ್ಡಮ್ಮ: ಅವರ ಕೈ ಊಟ ಬೇಕೇ ಬೇಕು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಎಲ್ಲಾ ಇರ್ಲಿ, ಒಳ್ಳೇ ಊಟನೇ. ಆದ್ರೆ ಬಾಣಂತಿಗೆ ನೀರು ಕೊಡಬಾರದು ಅನ್ನೋ ಒಂದು ಪದ್ಧತಿ ಮಾತ್ರ ಬಿಟ್ಟುಬಿಡಿ ಅಂತ ಕೈ ಮುಗೀತೀನಿ. ಮೈಯಿಂದ ಅಷ್ಟು ಹಾಲು ಹೋಗ್ತಿರುತ್ತೆ, ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ. ಬಾಯಾರಿಕೆ ಆದಾಗೆಲ್ಲಾ ನೀರು ಕುಡೀಬೇಕು. ಬಿಸಿ ನೀರೇ ಕೊಡಿ, ಜೀರಿಗೆ ಹಾಕಿ ಕೊಡಿ, ಆದ್ರೆ ಕೊಡಿ.

ತಮ್ಮ, ತಂಗಿ: ನೀರಿನ ಬಾಟಲ್ ತುಂಬಿಸಿಡೋದು, ಬಟ್ಟೆ ಒಗೆದು ಒಣಗಿಸೋದು, ಲೆಡ್ಜರ್ ಬರೆಯೋದು. ಮತ್ತೆ ಮುಖ್ಯವಾದದ್ದು, ಬಾಗಿಲು ಕಾಯೋದು. "ಅಕ್ಕ ಮಗುಗೆ ಹಾಲು ಕುಡಿಸ್ತಿದ್ದಾಳೆ ಅತ್ತೆ, ಒಂದರ್ಧ ಗಂಟೆ ಕೂತ್ಕೊಳ್ಳಿ, ಕಾಫಿ ತರ್ತೀನಿ" ಅನ್ನೋಕೆ ಯಾವ ಡಿಗ್ರಿನೂ ಬೇಡ. ಮನೆ ತುಂಬಾ ನೆಂಟರಿದ್ರೆ ಅವಳು ಸಂಕೋಚಕ್ಕೆ ಕುಡಿಸೋದನ್ನೇ ಮುಂದಕ್ಕೆ ಹಾಕ್ತಾಳೆ.

8/9 ಮೆಡಿಕಲ್ ಶಾಪ್‌ನ ಡಬ್ಬ ಮತ್ತು 1992ರ ಕಾನೂನು

ಮಾರ್ಕೆಟಿಂಗ್ ಓದೋರಿಗೆ ಒಂದು ಪ್ರಶ್ನೆ. ಹಸುಗೂಸಿನ ಹಾಲಿನ ಪುಡಿಗೆ ಟಿವಿಯಲ್ಲಿ ಜಾಹೀರಾತು ನೋಡಿದ್ದೀರಾ? ಆ ಡಬ್ಬದ ಮೇಲೆ ಮಗುವಿನ ಫೋಟೋ ನೋಡಿದ್ದೀರಾ? ಇರಲ್ಲ. ಕಂಪನಿಗಳಿಗೆ ಇಷ್ಟ ಇಲ್ಲದೆ ಅಲ್ಲ, ಕಾನೂನು ಬಿಡಲ್ಲ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಈ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಂಹಿತೆ ಒಪ್ಪಿತು. ನಮ್ಮ ದೇಶ 1992ರಲ್ಲಿ ಅದನ್ನ ಕಾನೂನೇ ಮಾಡ್ತು, 2003ರಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡ್ತು. ಐಎಂಎಸ್ ಕಾಯ್ದೆ ಅಂತ ಕರೀತಾರೆ. ಶಿಶು ಹಾಲಿನ ಪುಡಿ, ಹಾಲಿನ ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಆಹಾರ, ಯಾವುದಕ್ಕೂ ಜಾಹೀರಾತು ಇಲ್ಲ. ತಾಯಂದಿರಿಗೆ ಫ್ರೀ ಸ್ಯಾಂಪಲ್ ಇಲ್ಲ, ಗಿಫ್ಟ್ ಇಲ್ಲ. ಮಾರಾಟ ಹೆಚ್ಚಿಸೋಕೆ ಆರೋಗ್ಯ ಸಿಬ್ಬಂದಿಗೆ ಆಮಿಷ ಕೊಡೋ ಹಾಗಿಲ್ಲ. ತಾಯಿ ಹಾಲೇ ಮಗುವಿಗೆ ಶ್ರೇಷ್ಠ ಅಂತ ಡಬ್ಬದ ಮೇಲೆ ಅವರೇ ಬರೀಬೇಕು.

ಯಾಕಿಷ್ಟು ಬಿಗಿ? ಎರಡನೇ ರಾತ್ರಿ ಗಾಬರಿಯಲ್ಲಿರೋ ಕುಟುಂಬ ಇದ್ಯಲ್ಲ, ಅದಕ್ಕಿಂತ ಸುಲಭದ ಗಿರಾಕಿ ಬೇರೆ ಇಲ್ಲ. ಒಂದು ಸ್ಯಾಂಪಲ್ ಕೊಟ್ರೆ ಸಾಕು. ಆರ್ಡರ್ ಕ್ಯಾನ್ಸಲ್ ಆಗುತ್ತೆ, ಹಾಲು ಕಮ್ಮಿ ಆಗುತ್ತೆ, ಆಮೇಲೆ ತಿಂಗಳು ತಿಂಗಳು ಡಬ್ಬ ಕೊಳ್ಳೋ ಗಿರಾಕಿ ಸಿಕ್ಕಂಗೆ. ಈಗ ಟಿವಿ ಜಾಗಕ್ಕೆ ನಮ್ಮ ಫೀಡ್ ಬಂದಿದೆ. ಯಾರಾದ್ರೂ ರೀಲ್‌ನಲ್ಲಿ ಹಸುಗೂಸಿನ ಹಾಲಿನ ಪುಡಿ, ಫೀಡಿಂಗ್ ಬಾಟಲಿ ಹಿಡಿದು "ಲಿಂಕ್ ಬಯೋದಲ್ಲಿದೆ" ಅಂದ್ರೆ ಲೈಕ್ ಒತ್ತೋಕೆ ಮುಂಚೆ ಈ ಕಾಯ್ದೆ ನೆನಪು ಮಾಡ್ಕೊಳ್ಳಿ.

ಈಗ ಇನ್ನೊಂದು ಮಗ್ಗುಲು. ಇದನ್ನ ದಯವಿಟ್ಟು ಬಿಡದೆ ಓದಿ. ಕೆಲವು ಮಕ್ಕಳಿಗೆ ಡಬ್ಬದ ಹಾಲು ಬೇಕೇ ಬೇಕಾಗುತ್ತೆ. ಮಗುವಿನ ಶುಗರ್ ಇಳಿದಿರಬಹುದು, ತೂಕ ಜಾಸ್ತಿ ಇಳಿದಿರಬಹುದು, ತಾಯಿಗೆ ತೀವ್ರ ಕಾಯಿಲೆ ಇರಬಹುದು. ಎಷ್ಟೇ ಪ್ರಯತ್ನ ಪಟ್ರೂ ಹಾಲು ಸಾಕಷ್ಟು ಬರದ ತಾಯಂದಿರೂ ಇದ್ದಾರೆ. ಡಾಕ್ಟರ್ ನೋಡಿ ಕೊಡಿ ಅಂದ್ರೆ ಕೊಡಬೇಕು. ಅದು ಸೋಲಲ್ಲ, ಅದು ಚಿಕಿತ್ಸೆ. ಆ ತಾಯಿಗೆ ಚುಚ್ಚೋಕೆ ಯಾರಿಗೂ ಹಕ್ಕಿಲ್ಲ. ನನ್ನ ಜಗಳ ಡಬ್ಬದ ಜೊತೆ ಅಲ್ಲ. ಅಂಗಡಿಯವನು ಹೇಳಿದ, ಅತ್ತೆ ಹೇಳಿದ್ರು, ರೀಲ್ ಹೇಳ್ತು ಅಂತ ಡಬ್ಬ ತೆರೆಯೋದ್ರ ಜೊತೆ.

9/9 ನಾವೇನು ಮಾಡೋದು?

ಕ್ಲಾಸಲ್ಲಿ ಒಬ್ಬ ಕೇಳಿದ: "ಮಗಾ, ಇದೆಲ್ಲಾ ಮದುವೆ ಆದ್ಮೇಲೆ ನೋಡ್ಕೊಂಡ್ರೆ ಆಗಲ್ವಾ?" ಆಗಲ್ಲ. ಯಾಕಂದ್ರೆ ನಮಗೆ ಮಕ್ಕಳಾಗೋಕೆ ಮುಂಚೆ ನಮ್ಮ ಅಕ್ಕಂದಿರಿಗೆ, ಅತ್ತಿಗೆಯರಿಗೆ ಆಗುತ್ತೆ. ಆ ಮನೇಲಿ ಫೋನ್ ಸರಿಯಾಗಿ ಬಳಸೋರು, ಡಾಕ್ಟರ್ ಹತ್ತಿರ ಪ್ರಶ್ನೆ ಕೇಳೋ ಧೈರ್ಯ ಇರೋರು, ರಾತ್ರಿ ಎಷ್ಟೊತ್ತಿಗೂ ಎದ್ದಿರೋರು ನಾವೇ.

ಇನ್ನೊಬ್ಬಳು ಗೆಳತಿ ಕೇಳಿದ್ಲು: "ದೊಡ್ಡವರಿಗೆ ನಾವು ಹೇಳಿದ್ರೆ ಕೇಳ್ತಾರಾ?" ವಾದ ಮಾಡಿದ್ರೆ ಕೇಳಲ್ಲ. ನಮ್ಮಜ್ಜಿಗೆ ನಾನು ಆ ಹಾರ್ಮೋನ್ ಹೆಸರೆಲ್ಲಾ ಹೇಳಲಿಲ್ಲ. "ಅಜ್ಜಿ, ಕರು ಹುಟ್ಟಿದ ತಕ್ಷಣ ಏನು ಕುಡಿಯುತ್ತೆ? ಅದಕ್ಕೆ ಗಿಣ್ಣು ಕುಡಿಸದೆ ಇದ್ರೆ ಏನಾಗುತ್ತೆ?" ಅಂತ ಕೇಳಿದೆ, ಅಷ್ಟೇ. ಜೀವನಪೂರ್ತಿ ಹಸು ಸಾಕಿದವರು. ಒಂದು ನಿಮಿಷ ಸುಮ್ಮನಿದ್ರು, ಆಮೇಲೆ ಜೇನಿನ ಬಾಟಲಿ ಒಳಗಿಟ್ರು. ದೊಡ್ಡವರಿಗೆ ಗೊತ್ತಿರೋದನ್ನೇ ಅವರಿಗೆ ನೆನಪಿಸ್ಬೇಕು. ಎಣ್ಣೆ ನೀರು, ಬಿಸಿ ಊಟ, ವಿಶ್ರಾಂತಿ, ಬಾಣಂತಿಗೆ ಕೆಲಸ ಹೇಳದೇ ಇರೋದು, ಇಂಥ ಒಳ್ಳೇ ಪದ್ಧತಿ ಮಾಡಿಟ್ಟವರೂ ಅವರೇ. ಅದನ್ನ ಉಳಿಸ್ಕೊಂಡೇ ಎರಡು ತಪ್ಪು ಬಿಡಬಹುದು.

ಮೂರೇ ಮೂರು ಕೆಲಸ ಮಾಡಿ.

ಒಂದು, ನಿಮ್ಮ ಪರಿಚಯದಲ್ಲಿ ಏಳು, ಎಂಟು, ಒಂಬತ್ತು ತಿಂಗಳು ಯಾರಿಗಿದ್ಯೋ ಅವರ ಮನೆಯವರಿಗೆ 4ನೇ ಮತ್ತು 5ನೇ ಭಾಗ ಕಳಿಸಿ. ಆಕೆಗೆ ಮಾತ್ರ ಅಲ್ಲ, ಆಕೆಯ ಗಂಡನಿಗೆ, ಅಮ್ಮನಿಗೆ, ಅತ್ತೆಗೆ.

ಎರಡು, ಕಾಲೇಜಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಮದುವೆ ಮನೇಲಿ ಯಾರಾದ್ರೂ ಮಗುವಿಗೆ ಹಾಲು ಕುಡಿಸ್ತಿದ್ರೆ ದಿಟ್ಟಿಸಿ ನೋಡ್ಬೇಡಿ, ಪಿಸುಗುಡಬೇಡಿ. ಕೂರೋಕೆ ಜಾಗ ಬಿಟ್ಟುಕೊಡಿ. ಊಟ ಮಾಡ್ತಿರೋದು ಒಂದು ಮಗು, ಅಷ್ಟೇ.

ಮೂರು, ಬಾಣಂತಿ ನೋಡೋಕೆ ಹೋದಾಗ "ಹಾಲು ಸಾಕಾಗುತ್ತಾ?" ಅಂತ ಕೇಳೋದನ್ನ ನಿಲ್ಲಿಸಿ. ಅದು ವಿಚಾರಣೆ ಥರ ಕೇಳಿಸುತ್ತೆ. ಅದರ ಬದಲು "ಊಟ ಆಯ್ತಾ? ನಿದ್ದೆ ಆಯ್ತಾ? ನೀರು ತಂದುಕೊಡ್ಲಾ?" ಅಂತ ಕೇಳಿ. ಎರಡು ವಾರ ದಾಟಿದ್ರೂ ಅವಳು ಅಳ್ತಾನೇ ಇದ್ರೆ, ಮಗು ಕಡೆ ನೋಡೋಕೂ ಮನಸ್ಸಿಲ್ಲ ಅಂದ್ರೆ "ಎಲ್ಲರಿಗೂ ಹಿಂಗೇ" ಅನ್ನದೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಜ್ವರ ಬಂದು ಎದೆ ಕೆಂಪಾಗಿ ಗಟ್ಟಿಯಾಗಿದ್ರೂ ಅಷ್ಟೇ.

ಪ್ರತಿ ಆಗಸ್ಟ್ 1ರಿಂದ 7 ವಿಶ್ವ ಸ್ತನ್ಯಪಾನ ಸಪ್ತಾಹ. ಆ ವಾರ ನಮ್ಮ ಕಾಮರ್ಸ್ ಬ್ಲಾಕ್ ನೋಟಿಸ್ ಬೋರ್ಡಲ್ಲಿ ಆ ನಾಲ್ಕು ಕಾಲಂನ ಲೆಡ್ಜರ್ ಹಾಕೋಣ ಅಂತಿದ್ದೀನಿ. ಪ್ರಿನ್ಸಿಪಾಲ್ ಪರ್ಮಿಷನ್ ನಾನು ಕೇಳ್ತೀನಿ. ಪೋಸ್ಟರ್ ಬರೆಯೋಕೆ ಅಕ್ಷರ ಚೆನ್ನಾಗಿರೋರು ಬೇಕು. ಹುಡುಗರೇ ಬಂದ್ರೆ ಇನ್ನೂ ಒಳ್ಳೇದು. ಕಾಮೆಂಟಲ್ಲಿ ಹೆಸರು ಹಾಕಿ.

#ಎದೆಹಾಲು #ಬಾಣಂತನ #ಮೊದಲಮೂರುದಿನ #ತಮ್ಮನಡ್ಯೂಟಿ #ಬಿಕಾಂಬರಹ